ಕುಲಾಂತರಿ ಗೋವಿನಜೋಳದ ಸುರಕ್ಷತಾ ವರದಿ ಓದುವುದು ಹೇಗೆ?

ಮುಂಡಗೋಡ, ಹಳಿಯಾಳದ ಹೊಲಗಳ ಗೋವಿನಜೋಳ ಕುಲಾಂತರಿಯಲ್ಲ. ಕುಲಾಂತರಿ, ಎಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ಗೋವಿನಜೋಳದ ಬೇಸಾಯಕ್ಕೆ ಭಾರತದಲ್ಲಿ ಒಪ್ಪಿಗೆಯೇ ಇಲ್ಲ. ಆದರೂ ಪಶು ಆಹಾರದ ಮಾತು ಬಂದಾಗ ಶಿರಸಿ ಕಡೆಯ ಹೈನುಗಾರರ ಮೊಬೈಲಿಗೂ ಹೊರದೇಶದ ವರದಿಗಳ ತುಣುಕು ಬರುತ್ತವೆ. ಕೊನೆಯ ಪುಟದ ತೀರ್ಮಾನವನ್ನಷ್ಟೇ ಓದಿ ವಾದಕ್ಕಿಳಿಯಬೇಡಿ.

1. ಮೊದಲು ತಳಿಯ ಗುರುತು ನೋಡಿ. ‘ಬಿಟಿ ಜೋಳ’ (ಬ್ಯಾಕ್ಟೀರಿಯಾದ ವಂಶವಾಹಿಯಿಂದ ಕೀಟನಾಶಕ ಪ್ರೋಟೀನು ತಯಾರಿಸುವ ಗೋವಿನಜೋಳ) ಎಂಬುದು ಒಂದೇ ವಸ್ತುವಲ್ಲ. ಮಾನ್ 810 ಎಂಬ ತಳಿಯಲ್ಲಿರುವುದು ಕ್ರೈ1ಎಬಿ ಎಂಬ ಪ್ರೋಟೀನು, ಸ್ಟಾರ್‌ಲಿಂಕ್‌ನಲ್ಲಿದ್ದದ್ದು ಕ್ರೈ9ಸಿ. ಒಂದರ ವರದಿ ಇನ್ನೊಂದಕ್ಕೆ ಸಲ್ಲದು.

2. ವಂಶವಾಹಿ ಎಲ್ಲಿ ಸೇರಿದೆ, ಎಷ್ಟು ಪ್ರತಿ, ಮುಂದಿನ ಪೀಳಿಗೆಗಳಲ್ಲೂ ಹಾಗೇ ಉಳಿದಿದೆಯೇ ನೋಡಿ.

3. ಹೆಚ್ಚಿನವರು ಎಡವುವುದು ಹೋಲಿಕೆಯಲ್ಲಿ. ಕುಲಾಂತರಿ ಜೋಳದ ಪಕ್ಕದಲ್ಲಿ ಬೆಳೆಯಬೇಕಾದದ್ದು ಅದೇ ವಂಶದ, ಹೊಸ ವಂಶವಾಹಿ ಇಲ್ಲದ ಜೋಳ. ಅಂಗಡಿಯಿಂದ ತಂದ ಯಾವುದೋ ಹೈಬ್ರಿಡ್ ಜೊತೆ ಹೋಲಿಸಿದ್ದರೆ ಆ ಪಟ್ಟಿಯನ್ನು ಬದಿಗಿಡಿ. ಯುರೋಪಿನ ನಿಯಮದಂತೆ ಕನಿಷ್ಠ 8 ಕಡೆ ಬೆಳೆದು, ಜೊತೆಗೆ ಕನಿಷ್ಠ 6 ಸಾಮಾನ್ಯ ತಳಿಗಳನ್ನೂ ಬಿತ್ತಬೇಕು. ಆ ತಳಿಗಳಿಂದಲೇ ಸಹಜ ಏರಿಳಿತದ ಮಿತಿ ಗೊತ್ತಾಗುವುದು. ಪ್ರೋಟೀನು, ನಾರು, ಕೊಬ್ಬಿನಾಮ್ಲ, ಫೈಟಿಕ್ ಆಮ್ಲ ಹೀಗೆ 60 ಅಂಶ ಅಳೆದರೆ, ಆಕಸ್ಮಿಕಕ್ಕೆ ಶೇ 5 ಅವಕಾಶ ಬಿಡುವ ಲೆಕ್ಕದಲ್ಲಿ ಮೂರರಷ್ಟು ಅಂಶಗಳಲ್ಲಿ ಬರೀ ಆಕಸ್ಮಿಕವಾಗಿ ವ್ಯತ್ಯಾಸ ಕಾಣಬಹುದು. ವ್ಯತ್ಯಾಸ ಕಂಡ ಕೂಡಲೇ ‘ವಿಷ’ ಎನ್ನಬೇಡಿ. ಅದು ಸಹಜ ಮಿತಿಯೊಳಗಿದೆಯೇ, ಎಲ್ಲ ಊರುಗಳಲ್ಲೂ ಒಂದೇ ದಿಕ್ಕಿಗೆ ಇದೆಯೇ ನೋಡಿ. ಮಿತಿ ದಾಟಿದ್ದರೆ ವರದಿ ಕಾರಣ ಹೇಳಲೇಬೇಕು.

4. ಹೊಸ ಪ್ರೋಟೀನನ್ನು ಗೊತ್ತಿರುವ ಅಲರ್ಜಿಕಾರಕಗಳ ಜೊತೆ ಹೋಲಿಸುತ್ತಾರೆ. 80 ಅಮೈನೋ ಆಮ್ಲಗಳ (ಪ್ರೋಟೀನಿನ ಕೊಂಡಿಗಳ) ತುಂಡಿನಲ್ಲಿ ಶೇ 35ಕ್ಕಿಂತ ಹೆಚ್ಚು ಸಾಮ್ಯವಿದ್ದರೆ ಮುಂದಿನ ಪರೀಕ್ಷೆ ಬೇಕು. ಹೊಟ್ಟೆಯ ಜೀರ್ಣರಸದಲ್ಲಿರುವ ಪೆಪ್ಸಿನ್‌ನ ದ್ರಾವಣದಲ್ಲಿ ಎಷ್ಟು ಬೇಗ ಒಡೆಯುತ್ತದೆ ಎಂಬುದೂ ಮುಖ್ಯ; ಬೇಗ ಒಡೆಯದಿದ್ದರೆ ಅಲರ್ಜಿಯ ಶಂಕೆ ಹೆಚ್ಚು. ಕ್ರೈ9ಸಿ ಸುಲಭವಾಗಿ ಜೀರ್ಣವಾಗದ ಕಾರಣಕ್ಕೇ ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಜೋಳಕ್ಕೆ ಪಶು ಆಹಾರ ಮತ್ತು ಕೈಗಾರಿಕೆಯ ಬಳಕೆಗೆ ಮಾತ್ರ ಒಪ್ಪಿಗೆಯಿತ್ತು. 2000ದಲ್ಲಿ ಅದೇ ಜೋಳ ಮನುಷ್ಯರ ತಿಂಡಿಯಲ್ಲಿ ಪತ್ತೆಯಾಯಿತು. ತಿನ್ನುವ ಜೋಳ ಬೇರೆ, ಮೇವಿನ ಜೋಳ ಬೇರೆ ಎಂಬ ಒಪ್ಪಿಗೆ ಗೋದಾಮಿನಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಮಾತು: ವಿಷಪರೀಕ್ಷೆಗೆ ಬಳಸುವ ಪ್ರೋಟೀನನ್ನು ಸಾಮಾನ್ಯವಾಗಿ ಬ್ಯಾಕ್ಟೀರಿಯಾದಲ್ಲಿ ತಯಾರಿಸುತ್ತಾರೆ. ಗಿಡದೊಳಗಿನ ಪ್ರೋಟೀನೂ ಅದೂ ಒಂದೇ ಎಂಬ ಪುರಾವೆ ಇಲ್ಲದಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ.

5. ಇಲಿಗಳ 90 ದಿನದ ಪ್ರಯೋಗದಲ್ಲಿ ಆಹಾರದ ಸುಮಾರು ಶೇ 33ರವರೆಗೆ ಜೋಳ ಬೆರೆಸುವುದು ವಾಡಿಕೆ. ಇನ್ನೂ ಹೆಚ್ಚಿಸಿದರೆ ಪೋಷಕಾಂಶಗಳ ಹದ ತಪ್ಪಿ ಫಲಿತಾಂಶ ಕೆಡುತ್ತದೆ.

6. ಕೊನೆಗೆ, ಯಾರು ಏನನ್ನು ತಿನ್ನುತ್ತಾರೆ ಎಂಬ ಲೆಕ್ಕ. ಶುದ್ಧೀಕರಿಸಿದ ಜೋಳದೆಣ್ಣೆಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಹಸು ಕಾಳಿನ ಜೊತೆ ಎಲೆ, ದಂಟನ್ನೂ ಮೇಯುತ್ತದೆ. ಎಲೆಯಲ್ಲಿರುವ ಕ್ರೈ ಪ್ರೋಟೀನಿನ ಪ್ರಮಾಣವೂ ಕಾಳಿನದ್ದೂ ಒಂದೇ ಅಲ್ಲ. ಬರೀ ಕಾಳಿನ ಅಂಕಿ ಕೊಟ್ಟ ವರದಿಯಿಂದ ಹಸಿಮೇವಿನ ಬಗ್ಗೆ ಏನನ್ನೂ ಹೇಳಲಾಗದು.