‘ಪರವಾಗಿಲ್ಲ’ ಅಂದಿದ್ದಕ್ಕೆ ಸಿಕ್ಕಿದ್ದು ಶೇ. 10

ಅಮೆರಿಕದ ಸೈನ್ಯದಲ್ಲಿ ಎಂಟು ವರ್ಷ ಟ್ರಕ್ ಓಡಿಸಿ, ಭಾರ ಹೊತ್ತು, ಸೊಂಟ ಹಾಳು ಮಾಡಿಕೊಂಡು ಹೊರಬಂದವನು ನಾನು. ಇಂಥದ್ದಕ್ಕೆ ಅಲ್ಲಿನ ಮಾಜಿ ಸೈನಿಕರ ಇಲಾಖೆ, ಅಂದರೆ ವಿ.ಎ., ದೇಹಕ್ಕೆ ಎಷ್ಟು ಊನವಾಗಿದೆ ಅಂತ ಶೇಕಡಾ ಲೆಕ್ಕದಲ್ಲಿ ರೇಟಿಂಗ್ ಹಾಕಿ ತಿಂಗಳು ತಿಂಗಳು ಪರಿಹಾರ ಕೊಡುತ್ತದೆ. ನನಗೆ ಮೊದಲು ಬಂದದ್ದು ಬರೀ ಶೇ. 10.

ಅರ್ಧ ತಪ್ಪು ನನ್ನದೇ. ಪರೀಕ್ಷೆಯ ದಿನ ಡಾಕ್ಟರು ಹೇಗಿದ್ದೀರಿ ಅಂದರು. ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ, ಆದರೆ ಒಳಗಿನಿಂದ ಬಂದದ್ದು ನಮ್ಮ ‘ಪರವಾಗಿಲ್ಲ’. ಬಗ್ಗಿ ಅಂದಾಗ ಹಲ್ಲು ಕಚ್ಚಿಕೊಂಡು ಬಗ್ಗಿದೆ. ಆಗಲ್ಲ ಅನ್ನೋದಕ್ಕೆ ನಾಚಿಕೆ. ಅಳೆದು 70 ಡಿಗ್ರಿ ಅಂತ ಬರೆದುಕೊಂಡರು. ನೋವು ಎಲ್ಲಿ ಶುರುವಾಯಿತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸೊಂಟದ ರೇಟಿಂಗ್ ನಿಂತಿರೋದೇ ಜಾಸ್ತಿ ಆ ಡಿಗ್ರಿಯ ಮೇಲೆ. ಮುಂದಕ್ಕೆ ಬಗ್ಗುವುದು 60 ದಾಟಿ 85ರೊಳಗಿದ್ದರೆ ಶೇ. 10. 30 ದಾಟಿ 60ರೊಳಗಿದ್ದರೆ ಶೇ. 20. 30 ಅಥವಾ ಅದಕ್ಕೂ ಕಡಿಮೆಯಾದರೆ ಶೇ. 40. ಅದೇ ನಿಯಮದ ಕೆಳಗೆ ಒಂದು ಟಿಪ್ಪಣಿ ಇದೆ: ಬೆನ್ನಿನಿಂದ ನರಕ್ಕೆ ತೊಂದರೆಯಾಗಿದ್ದರೆ ಅದಕ್ಕೆ ಬೇರೆ ರೇಟಿಂಗ್ ಹಾಕಬೇಕು. ನನಗೆ ಬಂದ ಪತ್ರವನ್ನು ಮೂರು ಸಲ ಓದಿದೆ. ನರದ ತೊಂದರೆಯಿದ್ದ ನನ್ನ ಎಡಗಾಲಿನ ಮಾತೇ ಇರಲಿಲ್ಲ.

2019ರ ಫೆಬ್ರವರಿಯಿಂದ ಅಪೀಲಿಗೆ ಮೂರು ದಾರಿ. ಮೇಲಿನ ಅಧಿಕಾರಿ ಮತ್ತೆ ನೋಡುವ ‘ಹೈಯರ್ ಲೆವೆಲ್ ರಿವ್ಯೂ’ನಲ್ಲಿ ಹೊಸ ದಾಖಲೆ ಒಂದೂ ಸೇರಿಸುವ ಹಾಗಿಲ್ಲ. ಮಾಜಿ ಸೈನಿಕರ ಅಪೀಲು ಕೇಳುವ ಬೋರ್ಡಿಗೆ ಹೋದರೆ ಕಾಯುವುದು ಜಾಸ್ತಿ. ನನ್ನ ಹತ್ತಿರ ಹೊಸ ದಾಖಲೆ ಇತ್ತು, ಹಾಗಾಗಿ ‘ಸಪ್ಲಿಮೆಂಟಲ್ ಕ್ಲೈಮ್’, ಫಾರಂ 20-0995. ತೀರ್ಪು ಬಂದ ಒಂದು ವರ್ಷದೊಳಗೆ ಹಾಕಿದರೆ ಹಣ ಲೆಕ್ಕ ಹಾಕುವುದಕ್ಕೆ ಮೊದಲ ಕ್ಲೈಮಿನ ತಾರೀಖೇ ಉಳಿಯುತ್ತದೆ. ಮಾಜಿ ಸೈನಿಕರ ಸಂಘದ ಪ್ರತಿನಿಧಿಯೊಬ್ಬರು ಒಂದು ಡಾಲರೂ ತೆಗೆದುಕೊಳ್ಳದೆ ಫಾರಂ ತುಂಬಿಸಿಕೊಟ್ಟರು.

ದಾಖಲೆ ಅಂದರೆ ದೊಡ್ಡ ಕಟ್ಟೇನೂ ಅಲ್ಲ. ನರದ ಡಾಕ್ಟರು ಮಾಡಿಸಿದ ಇಎಂಜಿ, ಅಂದರೆ ನರ-ಸ್ನಾಯುಗಳ ವಿದ್ಯುತ್ ಪರೀಕ್ಷೆಯ ರಿಪೋರ್ಟು, ಮೂರು ತಿಂಗಳ ಡೈರಿ, ಹೆಂಡತಿ ಬರೆದ ಒಂದು ಪುಟ. ಡೈರಿಯಲ್ಲಿ ನಾನು ಸುಮ್ನೆ ‘ನೋವು ಜಾಸ್ತಿ’ ಅಂತ ಬರೆಯುತ್ತಿದ್ದೆ. ಅದರಿಂದ ಯಾರಿಗೆ ಏನು ಗೊತ್ತಾಗುತ್ತೆ? ಆಮೇಲೆ ಹೀಗೆ ಬರೆದೆ: ‘ಮಂಗಳವಾರ, ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಹಾಸಿಗೆಯಿಂದ ಏಳಲಾಗಲಿಲ್ಲ. ಕೆಲಸಕ್ಕೆ ರಜೆ.’ ನನಗಿಂತ ಹೆಂಡತಿಯೇ ಚೆನ್ನಾಗಿ ಬರೆದಿದ್ದಳು. ಎಡಗಾಲಿನ ಚಪ್ಪಲಿ ಹಜಾರದಲ್ಲೇ ಕಳಚಿ ಬಿದ್ದಿರುತ್ತದೆ, ಇವರು ಅಡುಗೆಮನೆವರೆಗೆ ಬಂದಿರುತ್ತಾರೆ, ಬಿದ್ದದ್ದೇ ಗೊತ್ತಿರುವುದಿಲ್ಲ, ಅಂತ. ಓದಿದ ಮೇಲೇ ನನಗೂ ಹೊಳೆದದ್ದು, ಇದು ದಿನಾ ಆಗುತ್ತಿತ್ತು ಅಂತ.

ಎರಡನೇ ಪರೀಕ್ಷೆಗೆ ಬೇರೆ ಡಾಕ್ಟರು. ಬಗ್ಗುವಾಗ ನೋವು ಶುರುವಾದ ಕಡೆ ‘ಇಲ್ಲಿ’ ಅಂತ ಬಾಯಿಬಿಟ್ಟು ಹೇಳಿದೆ. ಇಲ್ಲದ್ದನ್ನು ಸೇರಿಸಲಿಲ್ಲ, ಇದ್ದದ್ದನ್ನು ನುಂಗಲೂ ಇಲ್ಲ. ನೋವು ಕೆರಳಿದ ದಿನ ಎಷ್ಟು ಬಗ್ಗಬಲ್ಲೆ ಅಂತ ಅವರೇ ಕೇಳಿದರು. ಸೂಜಿಯ ತುದಿ ಪಾದಕ್ಕೆ ತಾಗಿಸಿದಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಯಾವಾಗ ಶುರು ಮಾಡುತ್ತೀರಿ ಅಂದೆ. ಮುಗೀತು ಅಂದರು.

ಐದು ತಿಂಗಳ ಮೇಲೆ ಪತ್ರ ಬಂತು. ಸೊಂಟಕ್ಕೆ ಶೇ. 20, ಸೊಂಟದಿಂದ ಎಡಗಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ‘ಮಧ್ಯಮ’ ಅಂತ ಶೇ. 20. ವಿ.ಎ. ಲೆಕ್ಕದಲ್ಲಿ ಎರಡನೇ 20ನ್ನು ಉಳಿದ 80ರ ಮೇಲೆ ಹಾಕುತ್ತಾರೆ, ಹಾಗಾಗಿ 36. ಅದನ್ನು ಹತ್ತಿರದ ಹತ್ತಕ್ಕೆ ತಂದು 40 ಮಾಡಿದರು. ಹಣ ಮೊದಲ ಕ್ಲೈಮಿನ ತಾರೀಖಿನಿಂದಲೇ ಲೆಕ್ಕವಾಗಿ ಬಂತು.