ಪೈಲ್ಸ್ ಆಪರೇಷನ್: ನಿಮ್ಮ ಹಂತ ಯಾವುದೆಂದು ಮೊದಲು ಕೇಳಿ
ದಾವಣಗೆರೆಯ ಜವಳಿ ಅಂಗಡಿಯೊಂದರಲ್ಲಿ ದಿನವಿಡೀ ಗಲ್ಲಾ ಮೇಲೆ ಕೂರುವವನು ನಾನು. ನಾಚಿಕೆಯಿಂದ ಎರಡು ವರ್ಷ ಸುಮ್ನೆ ನೋವು ನುಂಗಿದೆ. ನೀವು ಹಾಗೆ ಮಾಡಬೇಡಿ.

ರಕ್ತ ಬಿದ್ದರೆ ಪೈಲ್ಸೇ ಎಂದು ನೀವೇ ತೀರ್ಮಾನಿಸಬೇಡಿ. ಬೇರೆ ಕಾಯಿಲೆಯೂ ಇರಬಹುದು. ಸರ್ಜನ್‌ಗೆ ತೋರಿಸಿ.

ಒಳಗಿನ ಪೈಲ್ಸಿಗೆ 4 ಹಂತ. ಹೊರಬಂದ ಗಡ್ಡೆ ತಾನಾಗಿ ಒಳಗೆ ಹೋಗುತ್ತಿದ್ದರೆ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕಾಗಬಹುದು. ರಕ್ತ ಸಿಗದೆ ಗಡ್ಡೆ ಒಣಗಿ ಉದುರುತ್ತದೆ. ಕೈಯಿಂದ ತಳ್ಳಬೇಕಾದರೆ 3ನೇ ಹಂತ, ತಳ್ಳಿದರೂ ಹೋಗದಿದ್ದರೆ 4ನೇದು. ಆಗ ಆಪರೇಷನ್ ಮಾತು ಬರುತ್ತದೆ. ಸ್ಟೇಪ್ಲರ್ ವಿಧಾನದಲ್ಲಿ (ಜಾರಿದ ಗಡ್ಡೆಯನ್ನು ಮೇಲಕ್ಕೆಳೆದು ಒಳಗೆ ಪಿನ್ ಹಾಕುವುದು) ನೋವು ಕಡಿಮೆ, ಆದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಕತ್ತರಿಸಿ ತೆಗೆದರೆ ನೋವು ಜಾಸ್ತಿ, ಮರುಕಳಿಸುವುದು ಕಡಿಮೆ. ನನಗೆ ಕತ್ತರಿಸಿಯೇ ತೆಗೆದರು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮುಂಚೆಯೇ ಹೇಳಿ.

ಮೊದಲ ವಾರ ಕಕ್ಕಸಿಗೆ ಹೋಗುವುದೇ ಭಯ, ಅಲ್ವಾ? ಬೆಚ್ಚಗಿನ ನೀರಿನ ಟಬ್ಬಿನಲ್ಲಿ 10-15 ನಿಮಿಷ ಕೂತರೆ ಜೀವ ಬರುತ್ತದೆ. ದಿನಕ್ಕೆ 2-3 ಸಲ ಕೂರುತ್ತಿದ್ದೆ. ಸಂಜೆಯ ಮಿರ್ಚಿ-ಮಂಡಕ್ಕಿ ಬಿಟ್ಟು ಸೊಪ್ಪು, ಕಾಳು, ಇಸಬ್‌ಗೋಲ್ ಹಿಡಿದೆ. ಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.