ಬೂಷ್ಟು ಹಿಡಿದ ಫೋಟೊದಿಂದ ಗ್ಯಾಲರಿಯ ಗೋಡೆಗೆ

ಕಾರವಾರದಿಂದ ಭಟ್ಕಳದವರೆಗೆ ಹಳೆಯ ಫೋಟೊಗಳನ್ನು ಹಾಳುಗೆಡಹುವುದು ಮಳೆಗಾಲದ ಥಂಡಿ. ಕಪ್ಪು-ಬಿಳುಪು ಪ್ರಿಂಟಿನ ಮೇಲ್ಪದರ ಜೆಲಟಿನ್. ತೇವ ಹೀರಿ ಉಬ್ಬಿದಾಗ ಅದು ಚೌಕಟ್ಟಿನ ಗಾಜಿಗೆ ಅಂಟುತ್ತದೆ. ಬೂಷ್ಟಿಗೂ ಅದೇ ಆಹಾರ. ಹಾಗಾಗಿ ಹಳೆಯ ಫೋಟೊಗಳಿಂದ ಡಿಜಿಟಲ್ ಕಲಾಕೃತಿ ಮಾಡುವವರಾದರೆ ಸ್ಕ್ಯಾನಿಂಗ್ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿಕೊಳ್ಳಿ.

ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ, ಚಿತ್ರವೇ ಬಟ್ಟೆಗೆ ಬಂದುಬಿಡುತ್ತದೆ. ಗಾಳಿಯಾಡುವ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಶ್ಶಿನಿಂದ ಝಾಡಿಸಿ. ಗಾಜಿಗೆ ಅಂಟಿದ್ದನ್ನು ಕೀಳಬೇಡಿ, ಗಾಜಿನ ಮೂಲಕವೇ ಸ್ಕ್ಯಾನ್ ಮಾಡಿ. ಇದಕ್ಕೆ ಸಿಸಿಡಿ ಸ್ಕ್ಯಾನರೇ (ಮಸೂರದ ಮೂಲಕ ಚಿತ್ರ ಹಿಡಿಯುವ, ದಪ್ಪನೆಯ ಬಗೆ) ಬೇಕು. ಸೆನ್ಸರ್ ಗಾಜಿಗೆ ತೀರ ಹತ್ತಿರವಿರುವ ತೆಳ್ಳಗಿನ ಸಿಐಎಸ್ ಸ್ಕ್ಯಾನರಿನಲ್ಲಿ ಫೋಟೊ ಒಂದೆರಡು ಮಿಲಿಮೀಟರ್ ಮೇಲಿದ್ದರೂ ಚಿತ್ರ ಮಸುಕಾಗುತ್ತದೆ.

4×6 ಇಂಚಿನ ಫೋಟೊವನ್ನು 1200 ಡಿಪಿಐಯಲ್ಲಿ (ಇಂಚಿಗೆ 1200 ಚುಕ್ಕೆ) ತೆಗೆದರೆ 4800×7200 ಪಿಕ್ಸೆಲ್ ಸಿಗುತ್ತದೆ. ಮುದ್ರಿಸುವಾಗ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಲೆಕ್ಕದಲ್ಲಿ 16×24 ಇಂಚು, ಅಂದರೆ ಹೆಚ್ಚುಕಡಿಮೆ ಎ2 ಹಾಳೆಯಷ್ಟು. ಕಪ್ಪು-ಬಿಳುಪಾದರೂ 48 ಬಿಟ್ ಬಣ್ಣದಲ್ಲೇ (ಕೆಂಪು, ಹಸಿರು, ನೀಲಿ ಚಾನೆಲ್ಲುಗಳಿಗೆ ತಲಾ 16 ಬಿಟ್) ತೆಗೆದು, ಗುಣಮಟ್ಟ ಕುಂದದ ಟಿಫ್ ಕಡತವಾಗಿ ಉಳಿಸಿ: ಹಳದಿ-ಕಂದು ಕಲೆ ನೀಲಿ ಚಾನೆಲ್‌ನಲ್ಲಿ ಗಾಢವಾಗಿ, ಕೆಂಪು ಚಾನೆಲ್‌ನಲ್ಲಿ ತೀರ ತೆಳುವಾಗಿ ಬರುತ್ತದೆ. ಕಲೆಯನ್ನು ಬೇಕಾದಷ್ಟೇ ಇಟ್ಟುಕೊಳ್ಳುವ ಸ್ವಾತಂತ್ರ್ಯ ಆಗ ನಿಮ್ಮದು. ಮೇಲ್ಮೈ ತರಿತರಿಯಾಗಿರುವ ಬಣ್ಣದ ಪ್ರಿಂಟನ್ನು 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಎರಡನ್ನೂ ಒಂದರ ಮೇಲೊಂದು ನೇರಕ್ಕೆ ಹೊಂದಿಸಿ ಮೇಲಿನ ಲೇಯರನ್ನು (ಪದರವನ್ನು) 50% ಪಾರದರ್ಶಕಗೊಳಿಸಿದರೆ ತರಿಗಳ ನೆರಳು ಬಹುಪಾಲು ಮಾಯ.

ಎಲ್ಲ ಕಲೆಗಳನ್ನೂ ಅಳಿಸಿದರೆ ಉಳಿಯುವುದು ರಿಪೇರಿಯಾದ ಫೋಟೊ, ಕಲಾಕೃತಿಯಲ್ಲ. ಈ ಕರಾವಳಿಯ ಬೂಷ್ಟಿನ ಜಾಲ, ಒರಲೆ ತಿಂದ ಅಂಚು ನಿಮ್ಮ ಕೃತಿಯ ಸಾಮಗ್ರಿಯೇ. ಬೇರೆ ಲೇಯರಿನಲ್ಲಿ ಜೋಪಾನ ಮಾಡಿ. ಅಳಿದ ಮುಖವನ್ನು ಎಐಯಿಂದ ತುಂಬಿಸುವುದಂತೂ ಬೇಡವೇ ಬೇಡ. ಅಲ್ಲಿ ಬರುವುದು ಇನ್ಯಾರದೋ ಮುಖ.

ಹಳೆಯ ನೋಟದ ಮೇಲೆ ಇಂದಿನದನ್ನು ಕೂರಿಸುವವರಿಗೆ ಕಾರವಾರದ ಕಾಳಿ ನದಿಯ ಅಳಿವೆ ಒಳ್ಳೆಯ ವಿಷಯ. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಅಲ್ಲಿನ ಹಿಂದಿನ ಫೋಟೊಗಳ ತೂಕ ಹೆಚ್ಚಿದೆ. ಕಷ್ಟವಿರುವುದು ನಿಲ್ಲುವ ಜಾಗ ಹುಡುಕುವುದರಲ್ಲಿ. ಹಳೆಯ ಫೋಟೊದಲ್ಲಿ ಬದಲಾಗದ ಎರಡು ಗುರುತು ಹಿಡಿಯಿರಿ: ದೂರಕ್ಕೆ ಸದಾಶಿವಗಡದ ಗುಡ್ಡದ ತುದಿ, ಹತ್ತಿರಕ್ಕೆ ಒಂದು ಬಂಡೆ ಅಥವಾ ಕಟ್ಟಡದ ಮೂಲೆ. ಬಂಡೆ ಗುಡ್ಡದ ತುದಿಗಿಂತ ಬಲಕ್ಕೆ ಸರಿದಂತೆ ಕಂಡರೆ ನೀವು ಎಡಕ್ಕೆ ಹೆಚ್ಚು ಬಂದಿದ್ದೀರಿ; ಬಲಕ್ಕೆ ಹೆಜ್ಜೆ ಹಾಕಿ. ಈ ತಪ್ಪನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ಎಷ್ಟು ಎಳೆದರೂ ಸರಿಪಡಿಸಲಾಗದು. ನೆರಳಿನ ದಿಕ್ಕು ನೋಡಿ ಅದೇ ಹೊತ್ತಿಗೆ ಕ್ಲಿಕ್ಕಿಸಿ. ಜೋಡಿಸುವಾಗ ಹೊಸ ಚಿತ್ರದ ಹರಿತ ತಗ್ಗಿಸಿ, ಹಳೆಯದರಷ್ಟೇ ಗ್ರೇನ್ (ಫಿಲ್ಮಿನ ಸಣ್ಣ ತರಿ) ಸೇರಿಸಿ. ಇದಕ್ಕೆ ಜಿಂಪ್ ಅಥವಾ ಕ್ರಿಟಾ ಸಾಫ್ಟ್‌ವೇರ್ ಸಾಕು, ಎರಡೂ ಉಚಿತ.

ಹಕ್ಕಿನ ಪ್ರಶ್ನೆಯನ್ನು ಮುದ್ರಣಕ್ಕೆ ಮೊದಲೇ ಬಗೆಹರಿಸಿ. ಪ್ರಿಂಟು ಕೈಯಲ್ಲಿದ್ದ ಮಾತ್ರಕ್ಕೆ ಕಾಪಿರೈಟ್ ನಿಮ್ಮದಾಗದು. ಸ್ಟುಡಿಯೋಗೆ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ಅವರ ಅಥವಾ ವಾರಸುದಾರರ ಒಪ್ಪಿಗೆ ಬರವಣಿಗೆಯಲ್ಲಿರಲಿ.

ಪ್ರಿಂಟಿಗೆ 300 ಜಿಎಸ್‌ಎಮ್ (ಚದರ ಮೀಟರಿಗೆ ಗ್ರಾಂ) ಸುಮಾರಿನ ಹತ್ತಿಯ ಕಾಗದ ಮತ್ತು ಪಿಗ್ಮೆಂಟ್ ಶಾಯಿ (ಬಣ್ಣದ ಸೂಕ್ಷ್ಮ ಕಣಗಳಿರುವುದು) ಕೇಳಿ. ಬಣ್ಣ ಕರಗಿರುವ ಡೈ ಶಾಯಿ ಬೆಳಕಿಗೆ ಬೇಗ ಮಂಕಾಗುತ್ತದೆ. ಪೂರ್ತಿ ಹಾಳೆಗೆ ಮೊದಲು ಅತಿ ಕಪ್ಪು ಭಾಗದ ಒಂದು ಪಟ್ಟಿಯನ್ನಷ್ಟೇ ಮುದ್ರಿಸಿ ನೋಡಿ. ಮ್ಯಾಟ್ ಕಾಗದದಲ್ಲಿ ನೆರಳಿನ ವಿವರ ಮುಚ್ಚಿಹೋಗುವುದು ಸಾಮಾನ್ಯ. ಡಿಜಿಟಲ್ ಕೃತಿಯನ್ನು ಎಷ್ಟು ಬೇಕಾದರೂ ಮುದ್ರಿಸಬಹುದಾದ್ದರಿಂದ ಗ್ಯಾಲರಿಯವರು ಎಡಿಷನ್ (ಪ್ರತಿಗಳ ಮಿತಿ) ಕೇಳುತ್ತಾರೆ. ಐದು ಪ್ರತಿ ಎಂದರೆ ಐದೇ. ಅಂಚಿನಲ್ಲಿ ಪೆನ್ಸಿಲ್‌ನಿಂದ 1/5, 2/5 ಎಂದು ಬರೆದು ಸಹಿ ಹಾಕಿ. ಲೇಬಲ್ಲಿನಲ್ಲಿ ಮೂಲ ಫೋಟೊದ ಊರು, ಕಾಲ, ನೀವು ಸೇರಿಸಿದ್ದೇನು ಎಂಬುದು ಸ್ಪಷ್ಟವಿರಲಿ.

ಚೌಕಟ್ಟಿನಲ್ಲಿ ಮೌಂಟ್ ಬೋರ್ಡ್ (ನಡುವೆ ಕಿಟಕಿ ಕೊರೆದ ದಪ್ಪ ರಟ್ಟು) ಇಟ್ಟು ಪ್ರಿಂಟು ಗಾಜಿಗೆ ತಾಗದಂತೆ ನೋಡಿಕೊಳ್ಳಿ. ಹಿಂಬದಿಯ ಮೂಲೆಗಳಿಗೆ ಸೆಂಟಿಮೀಟರ್ ದಪ್ಪದ ರಬ್ಬರ್ ತುಂಡು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಮಳೆ ನೇರ ಬಡಿಯುವ ಪಶ್ಚಿಮದ ಗೋಡೆ ಕೊಟ್ಟರೆ ಬೇರೆ ಗೋಡೆ ಕೇಳಿ.